ಪಶ್ಚಿಮವು ಪಶ್ಚಿಮವನ್ನು ಬಲ್ಲುದೇ?

2015ರ ಜನವರಿಯಲ್ಲಿ ಪ್ಯಾರಿಸ್‌ನ ಪತ್ರಿಕಾ ಕಚೇರಿಯೊಂದರ ಮೇಲೆ ಭಯೋತ್ಪಾದಕ ದಾಳಿ ನಡೆದ ಕೆಲವೇ ದಿನಗಳಲ್ಲಿ ಅಮೆರಿಕದ ಫಾಕ್ಸ್ ನ್ಯೂಸ್ ವಾಹಿನಿಯು ಯುರೋಪಿನ ಮುಸ್ಲಿಮರ ಕುರಿತು ಚರ್ಚೆಯೊಂದನ್ನು ಪ್ರಸಾರ ಮಾಡಿತು. ಭಯೋತ್ಪಾದನಾ ತಜ್ಞರೆಂಬ ಹಣೆಪಟ್ಟಿಯೊಂದಿಗೆ ಅದರಲ್ಲಿ ಪಾಲ್ಗೊಂಡಿದ್ದ ಸ್ಟೀವನ್ ಎಮರ್ಸನ್, ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ಸಂಪೂರ್ಣ ಮುಸ್ಲಿಮ್ ನಗರವೆಂದೂ, ಮುಸ್ಲಿಮೇತರರು ಅಲ್ಲಿಗೆ ಕಾಲಿಡುವುದೇ ಇಲ್ಲವೆಂದೂ ಹೇಳಿದರು. 2011ರ ಜನಗಣತಿಯ ಪ್ರಕಾರ ಆ ನಗರದಲ್ಲಿ ಮುಸ್ಲಿಮರ ಪ್ರಮಾಣ ಸುಮಾರು ಶೇ. 22 ಮಾತ್ರ. ಅಂದಿನ ಬ್ರಿಟಿಷ್ ಪ್ರಧಾನಿ ಡೇವಿಡ್ ಕ್ಯಾಮರನ್, ಈ ಮಾತು ಕೇಳಿ ಬೆಳಗಿನ ಗಂಜಿ ಗಂಟಲಲ್ಲೇ ಸಿಕ್ಕಿಕೊಂಡಿತೆಂದೂ, ಇಂದು ಏಪ್ರಿಲ್ ಒಂದಿರಬೇಕೆಂದು ಭಾವಿಸಿದೆನೆಂದೂ ಲೇವಡಿ ಮಾಡಿದರು. ಎಮರ್ಸನ್ ಕ್ಷಮೆ ಕೋರಿದರು. ವಾಹಿನಿಯೂ ಕ್ಷಮೆ ಯಾಚಿಸಿತು. ಆದರೆ ಆ ಸುಳ್ಳನ್ನು ಕೇಳಿಸಿಕೊಂಡವರೆಲ್ಲರೂ ಈ ಕ್ಷಮಾಯಾಚನೆಯನ್ನೂ ಕೇಳಿಸಿಕೊಂಡರೆಂದು ನಂಬುವುದು ಕಷ್ಟ.

ಇಲ್ಲಿ ಸಹಜವಾಗಿಯೇ ಪ್ರಶ್ನೆಯೊಂದು ಏಳುತ್ತದೆ. ಅಮೆರಿಕ ಮತ್ತು ಬ್ರಿಟನ್ ಒಂದೇ ಭಾಷೆಯನ್ನಾಡುವ ದೇಶಗಳು. 1949ರಿಂದ ನ್ಯಾಟೋ ಒಕ್ಕೂಟದಲ್ಲಿ ಜೊತೆಯಾಗಿರುವವುಗಳು. ಅಟ್ಲಾಂಟಿಕ್ ಸಾಗರದ ಆಚೆಗೂ ಈಚೆಗೂ ದಿನನಿತ್ಯ ಸಾವಿರಾರು ಮಂದಿ ಹೋಗಿ ಬರುತ್ತಾರೆ. ಹಾಲಿವುಡ್ ಚಿತ್ರಗಳನ್ನು ನೋಡದ ಯುರೋಪಿಯನ್ನರಿಲ್ಲ. ಇಷ್ಟೆಲ್ಲ ಪರಿಚಯವಿದ್ದೂ ಒಬ್ಬರ ಊರು ಮತ್ತೊಬ್ಬರಿಗೆ ಇಷ್ಟೊಂದು ಅಪರಿಚಿತವಾಗಿ ಉಳಿದುದೇಕೆ?

2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಫ್ರಾನ್ಸಿನ ಲ ಮಾಂಡ್ ಪತ್ರಿಕೆಯು 'ನಾವೆಲ್ಲರೂ ಅಮೆರಿಕನ್ನರು' ಎಂಬ ಶೀರ್ಷಿಕೆಯ ಸಂಪಾದಕೀಯವನ್ನು ಮುಖಪುಟದಲ್ಲಿ ಪ್ರಕಟಿಸಿತ್ತು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಚಿತ್ರ ತಲೆಕೆಳಗಾಯಿತು. ಇರಾಕ್ ಯುದ್ಧವನ್ನು ಫ್ರಾನ್ಸ್ ವಿರೋಧಿಸಿದ್ದಕ್ಕಾಗಿ 2003ರ ಮಾರ್ಚ್‌ನಲ್ಲಿ ಅಮೆರಿಕನ್ ಕಾಂಗ್ರೆಸ್ಸಿನ ಕ್ಯಾಂಟೀನುಗಳಲ್ಲಿ 'ಫ್ರೆಂಚ್ ಫ್ರೈಸ್' ಎಂಬ ಆಲೂಗಡ್ಡೆಯ ತಿಂಡಿಗೆ 'ಫ್ರೀಡಮ್ ಫ್ರೈಸ್' ಎಂದು ಮರುನಾಮಕರಣ ಮಾಡಲಾಯಿತು. ಮಿತ್ರನೊಬ್ಬ ಏಕೆ ಭಿನ್ನಾಭಿಪ್ರಾಯ ತಾಳಿದ್ದಾನೆಂದು ವಿಚಾರಿಸುವ ವ್ಯವಧಾನ ಆ ಸಂಸತ್ತಿಗಿರಲಿಲ್ಲ. ಈ ಮರುನಾಮಕರಣದ ಮುಂಚೂಣಿಯಲ್ಲಿದ್ದ ಸಂಸದ ವಾಲ್ಟರ್ ಜೋನ್ಸ್ ಅವರೇ ಮುಂದೆ ಯುದ್ಧದ ಕಟು ಟೀಕಾಕಾರರಾದರು. ಮಡಿದ ಸೈನಿಕರ ಕುಟುಂಬಗಳಿಗೆ ಸಾವಿರಾರು ಪತ್ರಗಳನ್ನು ಬರೆದರು. 2006ರಲ್ಲಿ ತಿಂಡಿಯ ಹಳೆಯ ಹೆಸರು ಸದ್ದಿಲ್ಲದೆ ಮರಳಿತು. ಮಡಿದವರು ಮಾತ್ರ ಮರಳಲಿಲ್ಲ.

ಅಂದಿನ ಅಮೆರಿಕನ್ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ 2003ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಜರ್ಮನಿಯನ್ನು 'ಹಳೆಯ ಯುರೋಪ್' ಎಂದು ಹೀಗಳೆದರು. ಸ್ಪೇನ್, ಇಟಲಿ, ಪೋಲೆಂಡ್ ಮುಂತಾದ ದೇಶಗಳ ಸರಕಾರಗಳು ಅಮೆರಿಕದ ಬೆಂಬಲಕ್ಕೆ ನಿಂತಿದ್ದವು ನಿಜ. ಆದರೆ ಸರಕಾರದ ಸಹಿಯೇ ಜನರ ಮನಸ್ಸಲ್ಲ. 2003ರ ಫೆಬ್ರವರಿ 15ರಂದು ರೋಮ್, ಮ್ಯಾಡ್ರಿಡ್, ಬಾರ್ಸಿಲೋನಾ ಮತ್ತು ಲಂಡನ್ ನಗರಗಳ ಬೀದಿಗಳು ಯುದ್ಧವಿರೋಧಿ ಜನಸಾಗರದಿಂದ ತುಂಬಿ ತುಳುಕಿದ್ದವು. ಮರುವರ್ಷ ಅಧಿಕಾರಕ್ಕೆ ಬಂದ ಸ್ಪೇನಿನ ಹೊಸ ಸರಕಾರ ತನ್ನ ಸೈನಿಕರನ್ನು ಇರಾಕಿನಿಂದ ಹಿಂದಕ್ಕೆ ಕರೆಸಿಕೊಂಡಿತು. ಅತ್ತ ಯುರೋಪಿಯನ್ನರೂ ಬುಷ್ ಅವರೇ ಅಮೆರಿಕವೆಂದು ತಿಳಿದರು. 2002ರ ಅಕ್ಟೋಬರ್‌ನಲ್ಲಿ ಯುದ್ಧದ ನಿರ್ಣಯದ ವಿರುದ್ಧ ಅಮೆರಿಕದ 23 ಸೆನೆಟರ್‌ಗಳೂ ಕೆಳಮನೆಯ 133 ಸದಸ್ಯರೂ ಮತ ಚಲಾಯಿಸಿದ್ದರು. ಫೆಬ್ರವರಿ 15ರಂದು ನ್ಯೂಯಾರ್ಕಿನಲ್ಲೂ ಲಕ್ಷಾಂತರ ಮಂದಿ ಸೇರಿದ್ದರು. ಇವೆಲ್ಲ ಎಷ್ಟು ಯುರೋಪಿಯನ್ನರ ನೆನಪಿನಲ್ಲಿವೆ?

ಆರೋಗ್ಯ ಸೇವೆಯ ವಿಚಾರದಲ್ಲೂ ಇದೇ ಕತೆ. 2009ರಲ್ಲಿ ಅಮೆರಿಕದಲ್ಲಿ ಆರೋಗ್ಯ ಸುಧಾರಣೆಯ ಕುರಿತು ಬಿಸಿಬಿಸಿ ಚರ್ಚೆ ನಡೆಯುತ್ತಿದ್ದಾಗ ಅಲ್ಲಿನ ಪತ್ರಿಕೆಯೊಂದು, ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಂತಹ ಅಂಗವಿಕಲರು ಬ್ರಿಟನ್ನಿನಲ್ಲಿ ಬದುಕಿ ಉಳಿಯುವ ಸಾಧ್ಯತೆಯೇ ಇರಲಿಲ್ಲವೆಂದು ಬರೆಯಿತು. ಹಾಕಿಂಗ್ ಹುಟ್ಟಿದ್ದೂ ಬದುಕಿದ್ದೂ ಬ್ರಿಟನ್ನಿನಲ್ಲೇ! 1948ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಆರೋಗ್ಯ ಸೇವೆ ಇಲ್ಲದಿದ್ದರೆ ತಾನು ಇಂದು ಬದುಕಿರುತ್ತಿರಲಿಲ್ಲವೆಂದು ಅವರೇ ಉತ್ತರಿಸಬೇಕಾಯಿತು.

ಹಾಗೆಂದು ಅಜ್ಞಾನವು ಅಮೆರಿಕನ್ನರ ಗುತ್ತಿಗೆಯೇನಲ್ಲ. ಮರಣದಂಡನೆಯ ವಿಷಯ ಬಂದಾಗಲೆಲ್ಲ ಯುರೋಪ್ ತನ್ನನ್ನು ನಾಗರಿಕತೆಯ ಗುರುವೆಂದು ಭಾವಿಸಿಕೊಳ್ಳುತ್ತದೆ. ಆದರೆ ವಾಸ್ತವವೇನು? ಅಮೆರಿಕದ ಮಿಷಿಗನ್ ರಾಜ್ಯವು ಕೊಲೆ ಅಪರಾಧಕ್ಕೆ ಮರಣದಂಡನೆ ವಿಧಿಸುವುದನ್ನು ರದ್ದುಗೊಳಿಸಲು ತೀರ್ಮಾನಿಸಿದ್ದು 1846ರಲ್ಲಿ. ಫ್ರಾನ್ಸ್ ಅದನ್ನು ರದ್ದುಗೊಳಿಸಿದ್ದು 1981ರಲ್ಲಿ. ಅಲ್ಲಿ 1977ರಲ್ಲೂ ಶಿರಚ್ಛೇದನ ಯಂತ್ರ ಕೆಲಸ ಮಾಡಿತ್ತು. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆಯಾಗುತ್ತದೆ, ಟೆಕ್ಸಾಸ್ ಕಂಡವರು ಮಿಷಿಗನ್ನನ್ನು ಕಂಡಂತಲ್ಲ ಎಂಬ ಸರಳ ಸತ್ಯವನ್ನು ಅರಿಯುವ ಗೋಜಿಗೆ ಹಲವರು ಹೋಗುವುದಿಲ್ಲ.

ಈ ಅಪಗ್ರಹಿಕೆಯ ಬೇರು ಎಲ್ಲಿದೆ? ನಮ್ಮ ಪ್ರಕಾರ, ಒಂದೇ ಪದವನ್ನು ಇಬ್ಬರೂ ಬಳಸುತ್ತಾರೆ, ಆದರೆ ಅದರ ಹಿಂದಿನ ಚರಿತ್ರೆ ಬೇರೆ ಬೇರೆ ಎಂಬುದರಲ್ಲಿದೆ. ಧರ್ಮ ಸ್ವಾತಂತ್ರ್ಯವನ್ನೇ ತೆಗೆದುಕೊಳ್ಳಿ. ಯುರೋಪಿನ ಪ್ರಭುತ್ವಗಳ ಧಾರ್ಮಿಕ ಕಿರುಕುಳದಿಂದ ಪಾರಾಗಲು ಹಡಗು ಹತ್ತಿದವರು ಅಮೆರಿಕದ ಆರಂಭಿಕ ವಲಸಿಗರಲ್ಲಿದ್ದರು. ಆದ್ದರಿಂದ 1791ರ ಅಲ್ಲಿನ ಸಂವಿಧಾನ ತಿದ್ದುಪಡಿಯಲ್ಲಿ ಧರ್ಮವನ್ನು ಸರಕಾರದ ಹಸ್ತಕ್ಷೇಪದಿಂದ ಕಾಪಾಡುವ ಕಾಳಜಿ ಎದ್ದು ಕಾಣುತ್ತದೆ. ಫ್ರಾನ್ಸಿನ ಅನುಭವ ಇದಕ್ಕೆ ವಿರುದ್ಧ. ಅಲ್ಲಿ ಅರಸೊತ್ತಿಗೆಯೊಂದಿಗೆ ಕೈಜೋಡಿಸಿದ್ದ ಚರ್ಚಿನ ಹಿಡಿತದಿಂದ ಸರಕಾರವನ್ನು ಬಿಡಿಸುವುದೇ ಕ್ರಾಂತಿಕಾರಿಗಳ ಗುರಿಯಾಗಿತ್ತು. 1905ರ ಕಾನೂನು ಆ ಹೋರಾಟದ ಫಲ. ಒಂದೆಡೆ ಸರಕಾರದ ಭಯ, ಮತ್ತೊಂದೆಡೆ ಚರ್ಚಿನ ಭಯ. ಇಬ್ಬರೂ ತಮ್ಮನ್ನು ಜಾತ್ಯತೀತರೆಂದೇ ಕರೆದುಕೊಳ್ಳುತ್ತಾರೆ.

ಈ ವ್ಯತ್ಯಾಸದ ಪರಿಣಾಮವು 2004ರ ಮಾರ್ಚ್ ತಿಂಗಳಲ್ಲಿ ಢಾಳಾಗಿ ಗೋಚರಿಸಿತು. ಆ ತಿಂಗಳ 15ರಂದು ಫ್ರಾನ್ಸ್, ಸರಕಾರಿ ಶಾಲೆಗಳಲ್ಲಿ ಶಿರವಸ್ತ್ರವೂ ಸೇರಿದಂತೆ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸುವ ಕಾನೂನನ್ನು ಹೊರಡಿಸಿತು. ಅದೇ ತಿಂಗಳ ಕೊನೆಯಲ್ಲಿ ಅಮೆರಿಕದ ನ್ಯಾಯ ಇಲಾಖೆಯು ಒಕ್ಲಹೋಮಾದ ಮಸ್ಕೋಗಿ ಪಟ್ಟಣದ ಪ್ರಕರಣವೊಂದರಲ್ಲಿ, ಶಿರವಸ್ತ್ರ ಧರಿಸಿದ್ದಕ್ಕೆ ಶಾಲೆಯಿಂದ ಅಮಾನತಾಗಿದ್ದ ಆರನೇ ತರಗತಿಯ ಬಾಲಕಿಯ ಪರವಾಗಿ ನ್ಯಾಯಾಲಯದ ಮೆಟ್ಟಿಲೇರಿತು. ಮೇ ತಿಂಗಳಲ್ಲಿ ಶಾಲಾಡಳಿತವು ಆಕೆಗೆ ಶಿರವಸ್ತ್ರದ ಅನುಮತಿ ನೀಡಿ ನಿಯಮವನ್ನು ಬದಲಿಸಿತು. ಇರಾಕಿನ ಮೇಲೆ ಬಾಂಬ್ ಸುರಿಸಿದ ಬುಷ್ ಸರಕಾರವೇ ಬಾಲಕಿಯ ಶಿರವಸ್ತ್ರದ ಪರ ವಾದಿಸಿತು. ಇರಾಕ್ ಯುದ್ಧವನ್ನು ವಿರೋಧಿಸಿ ಮುಸ್ಲಿಮ್ ಜಗತ್ತಿನ ಮೆಚ್ಚುಗೆ ಗಳಿಸಿದ ಫ್ರಾನ್ಸೇ ತನ್ನ ಹೆಣ್ಣುಮಕ್ಕಳ ಶಿರವಸ್ತ್ರವನ್ನು ಶಾಲೆಯ ಗೇಟಿನಲ್ಲಿ ಕಳಚಿಸಿತು. ಎಂತಹ ವಿಪರ್ಯಾಸ!

ಇನ್ನು, ಫ್ರಾನ್ಸ್ ಎಂದರೆ ಯುರೋಪ್ ಎಂದೂ ಅಲ್ಲ. ಇಂಗ್ಲೆಂಡಿನಲ್ಲಿ ಅರಸನೇ ಚರ್ಚಿನ ಮುಖ್ಯಸ್ಥ. ಜರ್ಮನಿಯಲ್ಲಿ ಚರ್ಚುಗಳ ಪರವಾಗಿ ಸರಕಾರವೇ ತೆರಿಗೆ ವಸೂಲಿ ಮಾಡಿಕೊಡುತ್ತದೆ. ಲಂಡನ್ನಿನಲ್ಲಿ ಶಿರವಸ್ತ್ರ ಧರಿಸಿದ ಪೊಲೀಸ್ ಅಧಿಕಾರಿಗಳಿದ್ದಾರೆ. ಅಂತೆಯೇ ಅಮೆರಿಕವನ್ನು ಮುಸ್ಲಿಮರ ಸ್ವರ್ಗವೆಂದು ಬಣ್ಣಿಸಬೇಕಾಗಿಯೂ ಇಲ್ಲ. 2017ರ ಜನವರಿಯಲ್ಲಿ ಏಳು ಮುಸ್ಲಿಮ್ ಬಹುಸಂಖ್ಯಾತ ದೇಶಗಳ ಪ್ರಜೆಗಳಿಗೆ ಬಾಗಿಲು ಮುಚ್ಚಿದ್ದು ಅದೇ ಅಮೆರಿಕ. ಆ ನಿಷೇಧದ ಪರಿಷ್ಕೃತ ರೂಪವನ್ನು 2018ರಲ್ಲಿ ಎತ್ತಿಹಿಡಿದದ್ದು ಅಲ್ಲಿನ ಸುಪ್ರೀಮ್ ಕೋರ್ಟ್.

ಅಭಿವ್ಯಕ್ತಿ ಸ್ವಾತಂತ್ರ್ಯದ ವಿಷಯದಲ್ಲೂ ಇದೇ ಜಗಳ ಮರುಕಳಿಸುತ್ತಿದೆ. 2025ರ ಫೆಬ್ರವರಿಯಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮಾತನಾಡಿದ ಅಮೆರಿಕದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್, ಯುರೋಪಿನಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯ ಹಿಮ್ಮೆಟ್ಟುತ್ತಿದೆಯೆಂದು ಅಲ್ಲಿನ ನಾಯಕರಿಗೆ ಪಾಠ ಹೇಳಿದರು. ದ್ವೇಷ ಭಾಷಣವು ಲಕ್ಷಾಂತರ ಯಹೂದಿಯರ ಹತ್ಯೆಗೆ ದಾರಿ ಮಾಡಿಕೊಟ್ಟದ್ದನ್ನು ಕಂಡ ಜರ್ಮನಿ, ನಾಝಿ ಚಿಹ್ನೆಗಳನ್ನೂ ಆ ಹತ್ಯಾಕಾಂಡದ ನಿರಾಕರಣೆಯನ್ನೂ ಅಪರಾಧವೆಂದು ಪರಿಗಣಿಸುತ್ತದೆ. ಅಮೆರಿಕಕ್ಕೆ ಆ ಗಾಯದ ಅನುಭವವಿಲ್ಲ. ಗಾಯ ಎಲ್ಲಿದೆಯೆಂದು ಕೇಳದೆ ಮದ್ದು ಹೇಳುವವನನ್ನು ವೈದ್ಯನೆನ್ನಲಾಗದು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯಿದೆ. ಅಟ್ಲಾಂಟಿಕ್‌ನ ಎರಡು ದಡಗಳ ಈ ಅಪಗ್ರಹಿಕೆಯಲ್ಲಿ ಬಡವಾಗುವ ಕೂಸು ಹೆಚ್ಚಾಗಿ ಅಲ್ಲಿನ ವಲಸಿಗ ಮತ್ತು ಅಲ್ಪಸಂಖ್ಯಾತ. ಯುರೋಪ್ ಮುಳುಗುತ್ತಿದೆಯೆಂದು ಅಮೆರಿಕನ್ನರಿಗೆ ಹೆದರಿಕೆ ಹುಟ್ಟಿಸಬೇಕಾದಾಗ ಬರ್ಮಿಂಗ್‌ಹ್ಯಾಮ್‌ನ ಮುಸ್ಲಿಮ್ ಅಂಗಡಿಕಾರನನ್ನು ತೋರಿಸಲಾಗುತ್ತದೆ. ಆತನನ್ನು ಯಾರೂ ಮಾತನಾಡಿಸುವುದಿಲ್ಲ. ಆತ ಸಾಕ್ಷಿಯೇ ಹೊರತು ಮನುಷ್ಯನಲ್ಲ.

ಈ ಚರ್ಚೆ ನಮಗೇಕೆಂದು ಓದುಗರು ಕೇಳಬಹುದು. 2022ರಲ್ಲಿ ಕರ್ನಾಟಕದಲ್ಲಿ ಹಿಜಾಬ್ ವಿವಾದ ಭುಗಿಲೆದ್ದಾಗ, ಫ್ರಾನ್ಸಿನಲ್ಲೇ ನಿಷೇಧವಿದೆಯಲ್ಲ ಎಂಬ ವಾದವನ್ನು ನಾವೆಲ್ಲ ಕೇಳಿದ್ದೇವೆ. 1905ರ ಫ್ರಾನ್ಸಿನ ಚರಿತ್ರೆಗೂ ಎಲ್ಲ ಧರ್ಮಗಳಿಗೂ ಎಡೆಯಿತ್ತ ನಮ್ಮ ಸಂವಿಧಾನದ ಚರಿತ್ರೆಗೂ ಏನು ಸಂಬಂಧವೆಂದು ಕೇಳಿದವರು ಕಡಿಮೆ. ಹಾಗೆಯೇ, ಮುಸ್ಲಿಮರನ್ನೆಲ್ಲ ಒಂದೇ ಮೂಟೆಯಲ್ಲಿ ಕಟ್ಟಬೇಡಿ ಎಂದು ಜಗತ್ತನ್ನು ಆಗ್ರಹಿಸುವ ಸಮುದಾಯವು 'ಪಾಶ್ಚಾತ್ಯರು' ಎಂಬ ಒಂದೇ ಮೂಟೆಯಲ್ಲಿ ಪ್ಯಾರಿಸ್‌ನ ಸಚಿವನನ್ನೂ ಮಸ್ಕೋಗಿಯ ವಕೀಲನನ್ನೂ ಕಟ್ಟಿಹಾಕುವುದು ನ್ಯಾಯವಲ್ಲ. ಹಾಗೆ ಮಾಡಿದರೆ ನಮ್ಮ ಆಗ್ರಹಕ್ಕೆ ತೂಕವೂ ಉಳಿಯುವುದಿಲ್ಲ.

1831ರಲ್ಲಿ ಫ್ರಾನ್ಸಿನ ಯುವ ನ್ಯಾಯಾಧಿಕಾರಿ ಅಲೆಕ್ಸಿಸ್ ದ ಟಾಕ್ವಿಲ್ ಸೆರೆಮನೆಗಳ ಅಧ್ಯಯನಕ್ಕೆಂದು ಅಮೆರಿಕಕ್ಕೆ ಹೋದರು. ಒಂಬತ್ತು ತಿಂಗಳು ಊರೂರು ಸುತ್ತಿದರು. ಪಾದ್ರಿಗಳನ್ನೂ ವಕೀಲರನ್ನೂ ಸಾಮಾನ್ಯರನ್ನೂ ಪ್ರಶ್ನಿಸಿದರು. ಸರಕಾರದ ಆಸರೆಯಿಲ್ಲದೆಯೂ ಧರ್ಮ ಅಲ್ಲಿ ಜನರ ಬದುಕಿನಲ್ಲಿ ಹೇಗೆ ಜೀವಂತವಾಗಿದೆಯೆಂದು ಅಚ್ಚರಿಪಟ್ಟರು. ಅವರ ಗ್ರಂಥವನ್ನು ಅಮೆರಿಕನ್ನರು ಇಂದಿಗೂ ತಮ್ಮನ್ನು ತಾವು ಅರಿಯಲು ಓದುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಹಿರಿಯರ ಮಾತಿನ ಅರ್ಥವೂ ಇದೇ. ವಾಹಿನಿಯ ಅರ್ಧ ಗಂಟೆಯ ಚರ್ಚೆಯಿಂದ ದೇಶವೊಂದರ ಕುರಿತು ತೀರ್ಪು ನೀಡುವವರು ಟಾಕ್ವಿಲ್ ಅವರ ಆ ಒಂಬತ್ತು ತಿಂಗಳುಗಳನ್ನು ನೆನಪಿಸಿಕೊಳ್ಳುವುದು ಒಳಿತು. ಅವರು ವಾಷಿಂಗ್ಟನ್ನಿನಲ್ಲಿರಲಿ, ಪ್ಯಾರಿಸ್‌ನಲ್ಲಿರಲಿ ಅಥವಾ ನಮ್ಮ ಮನೆಯ ಪಡಸಾಲೆಯಲ್ಲಿರಲಿ.