ಗೋಡೆಯ ಮೇಲೆ ಸೇಬು, ಹೊಟ್ಟೆಯಲ್ಲಿ ಬರೀ ಕಾಪಿ

ಹೊರನಾಡಿಗೆ ಬಂದವರನ್ನು ಅನ್ನಪೂರ್ಣೇಶ್ವರಿ ಹಸಿದ ಹೊಟ್ಟೆಯಲ್ಲಿ ಕಳಿಸುವುದಿಲ್ಲ. ಎಲ್ಲಿಂದಲೋ ಬಂದವರೂ ಇಲ್ಲಿ ಉಂಡೇ ಘಾಟಿ ಇಳಿಯುತ್ತಾರೆ.

ಇದೇ ಸುತ್ತಿನ ಶಾಲೆಗಳಲ್ಲಿ ಪ್ರಾರ್ಥನೆಗೆ ನಿಂತ ಮಕ್ಕಳನ್ನು ಒಮ್ಮೆ ಕೇಳಿ, ಬೆಳಿಗ್ಗೆ ಏನು ತಿಂದ್ರಿ ಅಂತ. ನಾವು ಕೇಳಿದ್ದೇವೆ. "ಕಾಪಿ ಕುಡ್ದೆ" ಅಂದ ಮಕ್ಕಳು ಒಬ್ಬಿಬ್ಬರಲ್ಲ. ತೋಟದ ಲೈನ್ ಮನೆಯಲ್ಲಿ ಅಪ್ಪ ಅಮ್ಮ ಬೆಳಿಗ್ಗೆಯೇ ಕೆಲಸಕ್ಕೆ ಹೊರಡಬೇಕು. ಬೆಲ್ಲದ ಕಾಪಿ ಕುಡಿದು ಮಳೆಯಲ್ಲಿ ನಡೆದು ಬಂದ ಮಗುವಿಗೆ ಮೂರನೇ ಪೀರಿಯಡ್‌ನಲ್ಲಿ ನಾವು ಹೇಳಿಕೊಡುವುದೇನು? "ಸಮತೋಲನ ಆಹಾರ ಎಂದರೇನು? ಎರಡು ಅಂಕ."

ಗೋಡೆಯ ಚಾರ್ಟಿನಲ್ಲಿ ಸೇಬು, ದ್ರಾಕ್ಷಿ, ಕ್ಯಾರೆಟ್. ಶಾಲೆಯ ಹಿಂದೆಯೇ ಇರುವ ಕೆಸು, ಬಸಳೆ, ಹರಿವೆ, ಹಲಸು, ಪೇರಲೆ ಅದರಲ್ಲಿಲ್ಲ. ಮನೆಯ ಪತ್ರೊಡೆ ಬಡವರ ತಿಂಡಿ, ಅಂಗಡಿಯ ಪ್ಯಾಕೆಟ್ ದೊಡ್ಡವರ ತಿಂಡಿ ಅಂತ ಮಗು ಕಲಿಯುತ್ತದೆ. ಆಮೇಲೆ "ಈಗಿನ ಮಕ್ಕಳಿಗೆ ಕುರುಕಲೇ ಬೇಕು" ಎಂದು ದೂರುವವರೂ ನಾವೇ!

ನಾವು ಹೇಳುವುದು ಇಷ್ಟೇ: ಆಹಾರದ ಪಾಠ ನೋಟ್ಸಿನಲ್ಲಿ ಬೇಡ, ಬಿಸಿಯೂಟದ ತಟ್ಟೆಯ ಮುಂದೆ ಆಗಲಿ.

ಪಾಠಕ್ಕೆ ಬೇಕಾದ ಸಾಮಾನು ಶಾಲೆಯಲ್ಲೇ ಇದೆ. ಅಕ್ಷರ ದಾಸೋಹ ಶುರುವಾಗಿದ್ದು 2002ರಲ್ಲಿ. ಕ್ಷೀರಭಾಗ್ಯ ಬಂದಿದ್ದು 2013ರಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಆದರೆ ಮೊಟ್ಟೆ ಯಾಕೆ ಕೊಡುತ್ತಾರೆ, ಅದು ಮೈಗೆ ಏನು ಮಾಡುತ್ತದೆ ಅಂತ ಬಡಿಸುವಾಗ ಮಕ್ಕಳಿಗೆ ಹೇಳುವವರು ಎಷ್ಟು ಮಂದಿ? ತಲೆ ಎಣಿಸಿ, ಲೆಕ್ಕ ಬರೆದು, ಮುಗಿಯಿತು.

ಕಾಫಿ ಬೆಳೆಯುವ ನಮ್ಮೂರಲ್ಲಿ ಹೇಳಲೇಬೇಕಾದ ಒಂದು ಮಾತಿದೆ. ಕಾಪಿ, ಚಹಾದ ಒಗರಿನ ಅಂಶ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆ, ನೆಲ್ಲಿಕಾಯಿ, ಪೇರಲೆ ಅದೇ ಕಬ್ಬಿಣ ಹತ್ತಲು ಸಹಾಯ ಮಾಡುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಂದಿಗೆ ರಕ್ತಹೀನತೆ. ಇವರೇ ನಾಳೆ ಒಂದನೇ ಕ್ಲಾಸಿಗೆ ಬರುವವರು. ಶಾಲೆಯಲ್ಲಿ ಕಬ್ಬಿಣದ ಮಾತ್ರೆ ಕೊಡುತ್ತೇವೆ, ಊಟದ ಜೊತೆಗೇ ಕಾಪಿ ಕುಡಿಯಬೇಡ ಎಂದು ಮಾತ್ರ ಹೇಳುವುದಿಲ್ಲ.

"ಮೇಷ್ಟ್ರಿಗೆ ಪುರುಸೊತ್ತೆಲ್ಲಿದೆ?" ಎಂದು ಕೇಳುತ್ತೀರಿ. ನಿಜ, ಮೊಟ್ಟೆಯ ಲೆಕ್ಕ, ಹಾಲಿನ ಲೆಕ್ಕ ಎಲ್ಲವೂ ಅವರ ತಲೆಗೇ. 2024ರಲ್ಲಿ ಮೊಟ್ಟೆಗೆ ಕೊಡುತ್ತಿದ್ದುದು 6 ರೂಪಾಯಿ. ದರ ಏರಿದಾಗ ಕೈಯಿಂದ ಹಾಕುವವರೂ ಅವರೇ. ಅದನ್ನು ಸರ್ಕಾರ ಸರಿಮಾಡಲಿ. ಆದರೆ ಮಕ್ಕಳ ಜೊತೆ ಕೂತು ಉಣ್ಣುತ್ತಾ ಐದು ನಿಮಿಷ ಮಾತಾಡಲು ಬೇರೆ ಪೀರಿಯಡ್ ಬೇಕಿಲ್ಲ. ಅಡುಗೆಯಕ್ಕನೂ ಮಾತಾಡಲಿ. ಯಾವ ಸೊಪ್ಪನ್ನು ಹೇಗೆ ಬೇಯಿಸಬೇಕು ಎಂಬುದರಲ್ಲಿ ಅವರೇ ಮೇಷ್ಟ್ರು.

ಆಟದ ಪೀರಿಯಡ್‌ನದ್ದೂ ಇದೇ ಕಥೆ. ಮಳೆಗಾಲದಲ್ಲಿ ಮೈದಾನ ಕೆಸರು ಗದ್ದೆ, ಬೇಸಿಗೆಯಲ್ಲಿ ಆ ಪೀರಿಯಡ್ ಗಣಿತಕ್ಕೆ. ಜಗಲಿಯಲ್ಲಿ ಹಗ್ಗ ಜಿಗಿಯಲು, ಕುಂಟೆಬಿಲ್ಲೆ ಆಡಲು ಯಾವ ಮಳೆ ಅಡ್ಡ?

ಇನ್ನು ಗೇಟಿನ ಎದುರಿನ ಅಂಗಡಿ. ಶಾಲೆಯ ಒಳಗೂ ಗೇಟಿನಿಂದ 50 ಮೀಟರ್ ಒಳಗೂ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಮಕ್ಕಳಿಗೆ ಮಾರಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ನಮ್ಮೂರಲ್ಲಿ ಟೇಪ್ ಹಿಡಿದು ಅಳೆದವರನ್ನು ನಾವು ಕಂಡಿಲ್ಲ. ಅಂಗಡಿಯವರೂ ನಮ್ಮವರೇ, ಅವರ ಹೊಟ್ಟೆಗೆ ಹೊಡೆಯಿರಿ ಎನ್ನುವುದಿಲ್ಲ. ಆ ಮಾಲೆಗಳ ಜಾಗದಲ್ಲಿ ಕಡಲೆ ಚಿಕ್ಕಿ, ಬಾಳೆಗೊನೆ ನೇತುಹಾಕಿ ಎಂದು ನಾಲ್ಕು ಜನ ತಂದೆತಾಯಿ ಹೋಗಿ ಕೇಳಿದರೆ ಆಗದ ಕೆಲಸವೇನಲ್ಲ.

"ಆರೋಗ್ಯಕರ ಆಯ್ಕೆ ಮಾಡು" ಎಂದು ಮಗುವಿಗೆ ಹೇಳುವ ಮೊದಲು ಅದರ ಮುಂದೆ ಎರಡು ವಸ್ತು ಇಡಬೇಕಲ್ಲ, ಮಾರಾಯ್ರೆ?

ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಸಹಿ ಹಾಕಿ ಎದ್ದು ಬರಬೇಡಿ. ಮೂರು ಪ್ರಶ್ನೆ ಕೇಳಿ: ಬೆಳಿಗ್ಗೆ ಏನೂ ತಿನ್ನದೆ ಬರುವ ಮಕ್ಕಳೆಷ್ಟು? ಊಟದ ಹೊತ್ತಿಗೆ ಅವರ ಜೊತೆ ಕೂರುವವರು ಯಾರು? ಗೇಟಿನಿಂದ ಅಂಗಡಿಗೆ ಎಷ್ಟು ಮೀಟರ್?