ಹಾರೋ ಹಕ್ಕಿಗೆ ಭಾರದ ಲೆನ್ಸ್ ಯಾಕೆ?

ಕಡಲೆಕಾಯಿ ಕಿತ್ತು ಕಣ ಮುಗಿದ ವಾರ ನಮ್ಮ ಹುಡುಗ ಒಂದು ಚೀಟಿ ತಂದು ನನ್ನ ಮುಂದೆ ಇಟ್ಟ. ಹೊಸ ಕ್ಯಾಮೆರಾ, 600 ಮಿಲಿಮೀಟರ್ ತನಕ ಹೋಗೋ ಜೂಮ್ ಲೆನ್ಸ್, ಅದಕ್ಕೊಂದು ಸ್ಟ್ಯಾಂಡು, ಬ್ಯಾಗು. ಒಟ್ಟು ಮೂರೂವರೆ ಲಕ್ಷ. ಅವನ ತಾಯಿಯ ಸರ ಅಡವಿಟ್ಟು, ಉಳಿದದ್ದಕ್ಕೆ ಸಾಲ ಎತ್ತೋ ಯೋಚನೆ. ಆ ವರ್ಷ ನಮ್ಮ ನಾಲ್ಕು ಎಕರೆ ಖುಷ್ಕಿಯಲ್ಲಿ ಬೀಜದ ದುಡ್ಡೂ ಹುಟ್ಟಿರಲಿಲ್ಲ.

ಹುಡುಗ ಹೋಬಳಿಯಲ್ಲಿ ಫೋಟೋ ಅಂಗಡಿ ಇಟ್ಕೊಂಡಿದಾನೆ. ಮದುವೆ, ನಾಮಕರಣ ಅವನ ಕಸುಬು. ನಮ್ಮೂರು ಇರೋದು ಮಧುಗಿರಿ ತಾಲ್ಲೂಕಲ್ಲಿ, ಮೈದನಹಳ್ಳಿ ಕೃಷ್ಣಮೃಗದ ಕಾವಲಿನ ಕಡೆ. ಚಳಿಗಾಲ ಬಂತು ಅಂದ್ರೆ ಮಧ್ಯ ಏಷ್ಯಾದ ಹುಲ್ಲುಗಾಡಿನಿಂದ ಹ್ಯಾರಿಯರ್ ಅನ್ನೋ ಗಿಡುಗಗಳು ನಮ್ಮ ಕಡೆಗೆ ಬರ್ತವೆ. ಹುಲ್ಲಿನ ಮೇಲೆ ಮೊಳದೆತ್ತರದಲ್ಲಿ ತೇಲಿಕೊಂಡು ಹೋಗಿ ಗಕ್ಕನೆ ತಿರುಗಿ ಮಿಡತೆ ಹಿಡೀತವೆ. ಅವುಗಳ ಹಾರಾಟದ ಚಿತ್ರ ತೆಗೆಯೋಕೆ ಬೆಂಗಳೂರಿಂದ ಕಾರಲ್ಲಿ ಜನ ಬರ್ತಾರೆ. ಜಾಗ ತೋರಿಸೋಕೆ ನಮ್ಮ ಹುಡುಗನ್ನ ಕರ್ಕೊಂಡು ಹೋಗ್ತಾರೆ, ದಿನಕ್ಕಿಷ್ಟು ಅಂತ ಕೊಡ್ತಾರೆ. ಅವರ ಕೈಲಿರೋದನ್ನ ನೋಡಿ ಇವನಿಗೂ ಆಸೆ ಹತ್ತಿತು. ಆಸೆ ತಪ್ಪಲ್ಲ. ಕಾವಲಿನ ಸುತ್ತ ಇಂಥ ಹುಡುಗರು ಬೇರೆ ಊರುಗಳಲ್ಲೂ ಇದ್ದಾರೆ, ಅವರ ಅಪ್ಪಂದಿರು ಈ ಪತ್ರಿಕೆ ಓದ್ತಾರೆ. ಅದಕ್ಕೇ ಇಲ್ಲಿ ಬರೀತಿದೀನಿ.

ನಾನು ಹೇಳಿದ್ದು ಇಷ್ಟೇ: "ಮೊದಲು ಬಾಡಿಗೆಗೆ ತಗೊಂಬಾ, ನೋಡೋಣ." ಬೆಂಗಳೂರಲ್ಲಿ ಕ್ಯಾಮೆರಾ, ಲೆನ್ಸ್ ಎಲ್ಲ ದಿನದ ಬಾಡಿಗೆಗೆ ಸಿಗ್ತವೆ. ಚೀಟಿಯಲ್ಲಿದ್ದ ಅದೇ ಜೂಮ್ ಎರಡು ದಿನಕ್ಕೆ ತಂದ. ಲೆನ್ಸೇ ಸುಮಾರು ಎರಡು ಕೆ.ಜಿ., ಕ್ಯಾಮೆರಾ ಸೇರಿ ಮೂರರ ಹತ್ತಿರ. ಬೆಳಗಿನ ಜಾವ ಇಬ್ಬರೂ ಕಾವಲಿನ ಅಂಚಿಗೆ ಹೋದ್ವಿ. ಗಿಡುಗ ಬಂತು, ನಮ್ಮ ಮುಂದೇ ಹಾದು ಹೋಯ್ತು. ಹುಡುಗ ಲೆನ್ಸ್ ಎತ್ತಿ, ಹಕ್ಕಿ ಎಲ್ಲಿದೆ ಅಂತ ಕಿಂಡಿಯಲ್ಲಿ ಹುಡುಕೋ ಅಷ್ಟರಲ್ಲಿ ಅದು ಪಕ್ಕದ ಹೊಲ ಸೇರಿತ್ತು. ಸ್ಟ್ಯಾಂಡಿಗೆ ಹಾಕಿದ, ತಿರುಗಿಸೋದು ಇನ್ನೂ ನಿಧಾನ ಆಯ್ತು. ಅರ್ಧ ಗಂಟೆಗೆ ತೋಳು ಬಿದ್ದುಹೋದವು ಅಂದ. ಎರಡು ದಿನಕ್ಕೆ ಸಾವಿರದ ಮೇಲೆ ಕ್ಲಿಕ್ ಮಾಡಿದ್ದ. ನೋಡೋ ಹಾಗಿದ್ದದ್ದು ಹನ್ನೊಂದು.

ಮಾರನೇ ವಾರ 400 ಮಿ.ಮೀ.ನ ಒಂದು ಹಳೇ ಕ್ಯಾನನ್ ಲೆನ್ಸ್ ತಂದ. ಎಫ್ 5.6 ಅಂತಾರೆ ಅದಕ್ಕೆ, 1993ರಲ್ಲಿ ಬಂದದ್ದು. ಜೂಮ್ ಇಲ್ಲ, ಅಲ್ಲಾಟ ತಡೆಯೋ ವ್ಯವಸ್ಥೆ ಇಲ್ಲ. ತೂಕ 1250 ಗ್ರಾಂ. ಅವತ್ತು ಗಿಡುಗ ಕಂಡ ತಕ್ಷಣ ಕೈ ತಾನಾಗೇ ಹಿಂದೆ ಹೋಯ್ತು. ನಾನೂ ಹಿಡಿದು ನೋಡಿದೆ. ಏಳನೇ ಕ್ಲಾಸು ಓದಿದ ಮುದುಕನ ಕೈಗೂ ನಾಲ್ಕು ಒಳ್ಳೆ ಚಿತ್ರ ಬಿದ್ದವು.

ಇದರಲ್ಲಿ ಮಂತ್ರ ಏನಿಲ್ಲ. ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ನಿಂತು ಕವಣೆ ಬೀಸಿದವರಿಗೆ ಗೊತ್ತು, ಕಣ್ಣು ಹಕ್ಕಿಯ ಮೇಲಿದ್ದರೆ ಕೈ ಅದರ ಜೊತೆಗೇ ತಿರುಗಬೇಕು. ಕೈಲಿರೋದು ಭಾರ ಆದಷ್ಟೂ ತಿರುಗೋದು ತಡ. ಇನ್ನೊಂದು, ಲೆನ್ಸ್ ಉದ್ದ ಆದಷ್ಟೂ ಕಿಂಡಿಯಲ್ಲಿ ಕಾಣೋ ಜಾಗ ಕಿರಿದು. ಬಿದಿರ ಕೊಳವೆಯಲ್ಲಿ ಆಕಾಶ ನೋಡಿದ ಹಾಗೆ. ಕೂತ ಹಕ್ಕಿಗೆ 600 ಸರಿ, ಹಾರೋ ಹಕ್ಕಿಗೆ ಕಲಿಯೋರು 400ರಲ್ಲೇ ಕಲೀಬೇಕು. ಚಿಕ್ಕ ಸೆನ್ಸರಿನ ಕ್ಯಾನನ್‌ಗೆ ಹಾಕಿದರೆ 400 ಅನ್ನೋದು 640ರಷ್ಟು ಹತ್ತಿರ ತೋರಿಸುತ್ತೆ, ಅದು ಬೇಕಾದಷ್ಟಾಯ್ತು.

ಅಲ್ಲಾಟ ತಡೆಯೋದಕ್ಕೆ ಅಂತ ಹೆಚ್ಚು ದುಡ್ಡು ಸುರೀತಾರೆ. ಅದು ತಡೆಯೋದು ನಮ್ಮ ಕೈ ನಡುಕವನ್ನ, ಹಕ್ಕಿ ರೆಕ್ಕೆ ಬಡಿಯೋದನ್ನಲ್ಲ. ರೆಕ್ಕೆ ನಿಲ್ಲಬೇಕಾದರೆ ಶಟರು ಸೆಕೆಂಡಿನ 2000ದಲ್ಲಿ ಒಂದು ಭಾಗಕ್ಕೆ ಇಡಬೇಕು. ಅಷ್ಟು ವೇಗದಲ್ಲಿ ಕೈ ನಡುಕ ಹೇಗೂ ಕಾಣಲ್ಲ. ಹದ್ದಿನಂಥ ನಿಧಾನದ ಹಕ್ಕಿಗೆ 1000 ಸಾಕು, ಕಳ್ಳಿಪೀರಕ್ಕೆ 3200 ಬೇಕು. ಐಎಸ್‌ಒ ಕ್ಯಾಮೆರಾಕ್ಕೇ ಬಿಡಿ.

ಹೊಸ ಕನ್ನಡಿಯಿಲ್ಲದ ಕ್ಯಾಮೆರಾಗಳನ್ನ ನಾನು ಹಳೀತಿಲ್ಲ. 2020ರಿಂದೀಚೆಗೆ ಬಂದ ಹಲವು ಹಕ್ಕಿಯನ್ನ ತಾವೇ ಗುರುತಿಸಿ ಫೋಕಸ್ ಹಿಡಿದು ಬಿಡಲ್ಲ. ಹುಲ್ಲಿನ ಹಿನ್ನೆಲೆ ಇದ್ದಾಗ ಹಳೇ ಕ್ಯಾಮೆರಾ ಹಕ್ಕಿ ಬಿಟ್ಟು ಹುಲ್ಲು ಹಿಡಿಯುತ್ತೆ, ಹೊಸದು ಅಷ್ಟು ಮೋಸ ಹೋಗಲ್ಲ. ಕ್ಯಾನನ್ ಆರ್10 ಅನ್ನೋದು 2022ರಲ್ಲಿ ಬಂತು. ಅದಕ್ಕೆ 100-400ರ ಅವರದೇ ಹಗುರ ಲೆನ್ಸ್ ಹಾಕಿದರೆ ಎರಡೂ ಸೇರಿ ಒಂದು ಕೆ.ಜಿ.ಗೆ ಚೂರು ಹೆಚ್ಚು, ಅಷ್ಟೇ. ಸಾಲ ಇಲ್ಲದೆ ಕೊಳ್ಳೋ ಶಕ್ತಿ ಇದ್ದರೆ ಅದನ್ನೇ ತಗೊಳ್ಳಿ ಅಂತೀನಿ. ಆದರೆ ಆ ಲೆನ್ಸು ತುದಿಯಲ್ಲಿ ಎಫ್ 8, ಮುಸ್ಸಂಜೆಗೆ ಬೆಳಕು ಸಾಲದು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ರೆಕ್ಕೆ ಸೊಟ್ಟಗೆ ಬರೋದೂ ಉಂಟು.

ಎಲ್ಲರೂ ಹೊಸದಕ್ಕೆ ಓಡ್ತಿರೋದರಿಂದ ಹಳೇವು ಅಗ್ಗ ಆಗಿವೆ. ಇದೇ ನಮಗೆ ಅನುಕೂಲ. ಹುಡುಗ ಕೊನೆಗೆ ಕೊಂಡದ್ದು 2014ರ ಮಾದರಿ ಕ್ಯಾನನ್ 7ಡಿ ಮಾರ್ಕ್ 2, ಸೆಕೆಂಡಿಗೆ ಹತ್ತು ಚಿತ್ರ ತೆಗೆಯುತ್ತೆ. ಅದಕ್ಕೆ ಆ 400. ಎರಡೂ ಸೆಕೆಂಡ್ ಹ್ಯಾಂಡು, 80 ಸಾವಿರದ ಒಳಗೆ. ನಿಕಾನ್ ಕಡೆಯವರಿಗೆ 2016ರ ಡಿ500 ಇದೆ. ಒಂದು ತೊಂದರೆ ಏನಂದ್ರೆ, ಆ 400 ಈಗ ತಯಾರಾಗ್ತಿಲ್ಲ. ಕೆಟ್ಟರೆ ಬಿಡಿಭಾಗ ಹುಡುಕೋದು ಕಷ್ಟ. ಅದು ಗೊತ್ತಿದ್ದೇ ಕೊಂಡ್ವಿ.

ಸೆಕೆಂಡ್ ಹ್ಯಾಂಡಲ್ಲಿ ನಾವು ಮೊದಲೇ ಒಂದು ಸಲ ಕೆಟ್ಟಿದ್ವಿ. ಯಾರೋ ಪರಿಚಯದವರು ಕೊಟ್ಟ ಬೇರೊಂದು ಲೆನ್ಸಿಗೆ 18 ಸಾವಿರ ಕೊಟ್ಟು ತಂದಿದ್ದ. ಮಳೆಗಾಲದಲ್ಲಿ ನೋಡಿದರೆ ಒಳಗೆಲ್ಲ ಬೂಷ್ಟು, ಜೇಡರ ಬಲೆ ಹಾಗೆ. ಕೊಳ್ಳೋ ಹೊತ್ತಿಗೆ ಒಂದು ಟಾರ್ಚು ಬಿಟ್ಟು ನೋಡಿದ್ದರೆ ಕಾಣ್ತಿತ್ತು. ಎತ್ತಿನ ಹಲ್ಲು ನೋಡದೆ ಯಾರಾದರೂ ಜಾತ್ರೆಯಲ್ಲಿ ದುಡ್ಡು ಎಣಿಸ್ತಾರಾ? ಇಲ್ಲೂ ಹಾಗೇ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಶಟರು ಎಷ್ಟು ಸಲ ಬಡಿದಿದೆ ಅಂತ ಲೆಕ್ಕ ಕೇಳಿ. ನಾನು ಹೇಳಿದ ಎರಡೂ ಹಳೇ ಕ್ಯಾಮೆರಾಗಳ ಶಟರನ್ನ ಎರಡು ಲಕ್ಷ ಸಲಕ್ಕೆ ಅಂತ ಮಾಡಿರೋದು. ರಸ್ತೆಗೆ ತಗೊಂಡು ಹೋಗಿ, ಎದುರಿಗೆ ಬರೋ ಬೈಕಿನ ನಂಬರು ಪ್ಲೇಟಿಗೆ ಹಿಡಿದು ಒಂದೇ ಸಮ ಹತ್ತು ಚಿತ್ರ ತೆಗೀರಿ. ಆರೇಳಾದರೂ ಅಚ್ಚುಕಟ್ಟಾಗಿ ಬರಬೇಕು. ಅಂಗಡಿಯವನು ಹೊರಗೆ ಒಯ್ಯೋಕೆ ಬಿಡಲ್ಲ ಅಂದ್ರೆ ಎದ್ದು ಬನ್ನಿ.

ಇನ್ನು ದುಡ್ಡಿಗೆ ಸಿಗದ ಕೆಲವು ನಮ್ಮ ಹತ್ತಿರವೇ ಇವೆ. ಹಕ್ಕಿ ಏಳೋದೂ ಇಳಿಯೋದೂ ಗಾಳಿಗೆ ಎದುರಾಗಿ. ಕಣದಲ್ಲಿ ತೂರಿದವರಿಗೆ ಗಾಳಿ ಎತ್ತಲಿಂದ ಅಂತ ಯಾರೂ ಹೇಳಿಕೊಡಬೇಕಿಲ್ಲ. ಚಳಿಗಾಲದಲ್ಲಿ ಮೂಡಗಾಳಿ. ಬೆಳಿಗ್ಗೆ ಸೂರ್ಯನೂ ಮೂಡಲಲ್ಲೇ. ಮೂಡಲಿಗೆ ಬೆನ್ನು ಹಾಕಿ ನಿಂತರೆ ಗಾಳಿಗೆ ಎದುರು ಬರೋ ಹಕ್ಕಿ ನಮ್ಮ ಮುಖಕ್ಕೇ ಬರುತ್ತೆ, ಅದರ ಮುಖಕ್ಕೆ ಬಿಸಿಲೂ ಬಿದ್ದಿರುತ್ತೆ. ಸಂಜೆಗೆ ಈ ಹೊಂದಾಣಿಕೆ ತಪ್ಪುತ್ತೆ, ಗಾಳಿ ಒಂದು ಕಡೆ, ಬೆಳಕು ಒಂದು ಕಡೆ. ಹೊತ್ತೇರಿ ನೆಲ ಕಾದ ಮೇಲಂತೂ ಬಿಸಿಲ್ಗುದುರೆ ಓಡೋಕೆ ಶುರುವಾಗುತ್ತೆ. ಆಗ ದೂರದ ಹಕ್ಕಿಗೆ ಹತ್ತು ಲಕ್ಷದ ಲೆನ್ಸ್ ಹಿಡಿದರೂ ಚಿತ್ರ ನೀರಲ್ಲಿ ಕದಡಿದ ಹಾಗೇ ಬರೋದು. ಮನೆಗೆ ಬಂದು ಗಂಜಿ ಕುಡಿಯೋದು ಮೇಲು.

ಅಭ್ಯಾಸಕ್ಕೆ ಗಿಡುಗ ಬೇಕಿಲ್ಲ. ಉಳುಮೆ ಹಿಂದೆ ಬೆಳ್ಳಕ್ಕಿ ಬರ್ತವಲ್ಲ, ಅವು ಸಾಕು. ಬೆಳ್ಳಕ್ಕಿ ಬಿಳೀದು, ಉತ್ತ ಮಣ್ಣು ಕಪ್ಪಗೆ, ಅದಕ್ಕೆ ಬೆಳಕು ಒಂದು ಮೆಟ್ಟಿಲು ಇಳಿಸಬೇಕು. ಬಿಳಿ ಆಕಾಶದಲ್ಲಿ ಹಾರೋ ಹದ್ದಿಗೆ ಒಂದು ಮೆಟ್ಟಿಲು ಏರಿಸಬೇಕು, ಇಲ್ಲದಿದ್ದರೆ ಮಸಿ ಬಳಿದ ಹಾಗೆ ಬರುತ್ತೆ. ಆ 400ರ ಪಕ್ಕದಲ್ಲಿ ಒಂದು ಗುಂಡಿ ಇದೆ. ಅದನ್ನ ಎಂಟೂವರೆ ಮೀಟರಿನಿಂದಾಚೆಗೆ ಅಂತ ಇಟ್ಟರೆ ಹತ್ತಿರದ್ದನ್ನ ತಡಕಾಡೋದು ಬಿಟ್ಟು ಬೇಗ ಹಿಡಿಯುತ್ತೆ. ಹುಡುಗನಿಗೆ ಇದು ಗೊತ್ತಾಗೋಕೆ ಮೂರು ತಿಂಗಳು ಹಿಡೀತು.

ನಾನು ನಿಜವಾಗಿ ಬರೀಬೇಕು ಅಂದುಕೊಂಡದ್ದು ಇದು. ಹೋದ ಚಳಿಗಾಲದಲ್ಲಿ ಕಾರಿನವರೊಬ್ಬರು ನಮ್ಮ ಹುಡುಗನಿಗೆ, "ಹುಲ್ಲಲ್ಲಿ ಕೂತಿವೆ, ಒಂದು ಕಲ್ಲು ಎಸಿ, ಏಳಲಿ. ಐನೂರು ಹೆಚ್ಚು ಕೊಡ್ತೀನಿ" ಅಂದರಂತೆ. ಇವನು ಎಸೆದ. ರಾತ್ರಿ ತಂಗೋಕೆ ಅಂತ ಇಳಿದಿದ್ದ ಗಿಡುಗಗಳೆಲ್ಲ ಎದ್ದು ಕತ್ತಲಲ್ಲಿ ಚದುರಿದವು. ಮನೆಗೆ ಬಂದು ಅವನೇ ಹೇಳಿದ, ತಲೆ ತಗ್ಗಿಸಿಕೊಂಡು. ನಾನು ಬೈದೆ. ಅವನಮ್ಮ ಐನೂರು ಮುಟ್ಟಲಿಲ್ಲ. 1972ರ ವನ್ಯಜೀವಿ ಕಾಯಿದೆಯಲ್ಲಿ ಬೇಟೆ ಅನ್ನೋ ಮಾತಿನ ಅರ್ಥದೊಳಗೆ ಪ್ರಾಣಿಯನ್ನ ಅಟ್ಟೋದೂ ಸೇರಿದೆ. ಕೇಸು ಬಿದ್ದರೆ ಕಾರಿನವರು ಊರು ಸೇರಿರ್ತಾರೆ, ಸಿಕ್ಕಿಬೀಳೋನು ನಮ್ಮ ಹುಡುಗ. ಅದಿರಲಿ, ಕಾರು ಹುಲ್ಲೊಳಗೆ, ಬೀಳು ಹೊಲದೊಳಗೆ ನುಗ್ಗಿಸಿದರೆ ಬರೀ ನೆಲದ ಮೇಲೆ ಮೊಟ್ಟೆ ಇಡೋ ಟಿಟ್ಟಿಭದ ಗತಿ ಏನು? ಮಿಡತೆ ತಿನ್ನೋ ಗಿಡುಗ ಬೆದರಿ ಬೇರೆ ಕಡೆ ಹೋದರೆ ನಮ್ಮ ಹೊಲದ ಮಿಡತೆ ಯಾರು ತಿನ್ನಬೇಕು?

ಉದ್ದ ಲೆನ್ಸ್ ಇದ್ದರೆ ದೂರದಿಂದಲೇ ತೆಗೀಬಹುದು, ಹಕ್ಕಿ ಬೆದರಲ್ಲ ಅಂತ ಕೆಲವರು ವಾದ ಮಾಡ್ತಾರೆ. ಒಪ್ಪಬಹುದಾದ ಮಾತೇ. ಆದರೆ ನಾನು ಕಂಡ ಹಾಗೆ ಕಲ್ಲು ಎಸೆಸಿದವರ ಕೈಲಿ ಇದ್ದದ್ದೇ ಎಲ್ಲರಿಗಿಂತ ಉದ್ದದ ಲೆನ್ಸು. ಎರಡೇ ದಿನದ ರಜೆಯಲ್ಲಿ ಬಂದಿರ್ತಾರೆ, ಕಾಯೋಕೆ ಹೊತ್ತಿಲ್ಲ. ನಮಗೆ ಹೊತ್ತಿದೆ. ಅವರೆ ಕಾವಲಿಗೆ ಕೂತಲ್ಲೇ ಗಿಡುಗ ನಮ್ಮ ಬದುವಿನ ಮೇಲೆ ಹಾದು ಹೋಗುತ್ತೆ.

ಈಗ ಹುಡುಗ ತನ್ನ ಜೊತೆ ಬರೋರಿಗೆ ಮೊದಲೇ ಹೇಳ್ತಾನೆ, ದಾರಿ ಬಿಟ್ಟು ಕಾರು ಇಳಿಸಲ್ಲ, ಎಬ್ಬಿಸಲ್ಲ ಅಂತ. ಇಬ್ಬರು ಮೂವರು ಬೇರೆ ಹುಡುಗರನ್ನ ಹುಡುಕಿಕೊಂಡು ಹೋದರು. ಉಳಿದವರು ಬರ್ತಿದಾರೆ. ಸರ ಅವನ ತಾಯಿ ಕೊರಳಲ್ಲೇ ಇದೆ. ಈ ಸಲ ಹಕ್ಕಿ ಗುರುತಿಸೋ ಹೊಸ ಕ್ಯಾಮೆರಾ ಬೇಕು ಅಂತ ಮತ್ತೆ ಶುರು ಮಾಡಿದಾನೆ. ತೊಗರಿ ಒಕ್ಕಣೆ ಆಗಲಿ, ಎರಡು ದಿನ ಬಾಡಿಗೆಗೆ ತಂದು ನೋಡೋಣ ಅಂದಿದೀನಿ.