ಪೆನ್ಸಿಲ್ ಗೆರೆಯೂ, ಕುಸಿಯುವ ವೋಲ್ಟೇಜೂ

ಇಲ್ಲಿ ಏನೂ ಬರೆಯದೆ ಎರಡು ತಿಂಗಳ ಮೇಲಾಯ್ತು. ಆಫೀಸು, ರಿಲೀಸು ಅಂತ ನೆಪ ಹೇಳಬಹುದು, ಆದರೆ ನಿಜವಾದ ಕಾರಣ ಸೋಮಾರಿತನ :-) ಮೊನ್ನೆ ಊಟದ ಹೊತ್ತಿನಲ್ಲಿ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ ಒಂದು ಪ್ರಶ್ನೆ ಕೇಳಿದ. ಅದಕ್ಕೆ ಉತ್ತರ ಹೇಳುತ್ತಾ ಹಳೆಯದೆಲ್ಲ ನೆನಪಾಗಿ, ಇವತ್ತು ಬರೆದೇಬಿಡೋಣ ಅನ್ನಿಸಿತು.

ಅವನು ಕೇಳಿದ್ದು ಇಷ್ಟು: "ಹೊಸ ಕಂಪ್ಯೂಟರ್ ಜೋಡಿಸಿದೀನಿ. ಸುಮ್ನೆ ಇರೋವಾಗ ಪ್ರೊಸೆಸರ್ ವೋಲ್ಟೇಜ್ ಸರಿಯಾಗಿರುತ್ತೆ, ಗೇಮ್ ಶುರು ಮಾಡಿದ್ರೆ ಬಿದ್ದುಹೋಗುತ್ತೆ. ಬೋರ್ಡೇ ಸರಿ ಇಲ್ಲ ಅನ್ಸುತ್ತೆ. ಬಯಾಸ್‌ನಲ್ಲಿ ಲೋಡ್‌ಲೈನ್ ಅಂತ ಒಂದಿದೆ, ಅದನ್ನ ಕೊನೇ ಲೆವೆಲ್‌ಗೆ ಹಾಕಿಬಿಡ್ಲಾ?"

ಹೀಗೆ ಕೆಲಸ ಹೆಚ್ಚಾದಾಗ ವೋಲ್ಟೇಜ್ ಇಳಿಯುವುದಕ್ಕೆ ವಿಡ್ರೂಪ್ ಅಂತಾರೆ. ಇದು ಬೋರ್ಡಿನ ದೋಷ, ಇದನ್ನು ರಿಪೇರಿ ಮಾಡಬೇಕು ಅಂತ ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಆ ನಂಬಿಕೆಗೆ ನಮ್ಮ ಮನೆಯ ಒಂದು ಕಂಪ್ಯೂಟರ್ ಬಲಿಯಾಯ್ತು.

2020ರ ಲಾಕ್‌ಡೌನ್. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ, ಆಫೀಸಿನ ಲ್ಯಾಪ್‌ಟಾಪ್ ಹೊತ್ತುಕೊಂಡು ತಿಪಟೂರಿನ ಮನೆಗೆ ಹೋಗಿದ್ದೆ. ಮನೆಯಲ್ಲಿ ಚಿಕ್ಕಪ್ಪನ ಮಗ ಕೊಟ್ಟಿದ್ದ ಹಳೇ ಕಂಪ್ಯೂಟರ್ ಇತ್ತು. ಇಂಟೆಲ್‌ನ ಕೋರ್ 2 ಕ್ವಾಡ್ ಕ್ಯೂ6600, 2007ರಲ್ಲಿ ಬಂದ ನಾಲ್ಕು ಕೋರಿನ ಪ್ರೊಸೆಸರ್. ನನ್ನ ತಂಗಿಯ ದ್ವಿತೀಯ ಪಿಯುಸಿ ಆನ್‌ಲೈನ್ ಕ್ಲಾಸುಗಳು ಅದರಲ್ಲೇ ನಡೆಯುತ್ತಿದ್ದವು. ಹಗಲು ಅವಳದ್ದು, ರಾತ್ರಿ ನನ್ನದು.

ರಾತ್ರಿ ನಾನು ಮಾಡುತ್ತಿದ್ದದ್ದು ಓವರ್‌ಕ್ಲಾಕಿಂಗ್. 2.4 ಗಿಗಾಹರ್ಟ್ಸ್‌ನದ್ದನ್ನು 3.2ಕ್ಕೆ ಏರಿಸಿದ್ದೆ. ಪ್ರೈಮ್95 ಹಾಕಿ ಪರೀಕ್ಷೆ ಮಾಡಿದರೆ ಹತ್ತೇ ನಿಮಿಷದಲ್ಲಿ ತಪ್ಪು ಲೆಕ್ಕ ತೋರಿಸಿ ನಿಲ್ಲುತ್ತಿತ್ತು. ಸುಮ್ಮನಿದ್ದಾಗ 1.38 ವೋಲ್ಟ್ ಇದ್ದದ್ದು ಲೋಡ್ ಬಿದ್ದ ಕೂಡಲೇ 1.30ಕ್ಕೆ ಇಳಿಯುತ್ತಿತ್ತು. ಕಳ್ಳ ಸಿಕ್ಕಿಬಿದ್ದ ಅಂದುಕೊಂಡೆ.

ಇದಕ್ಕೆ ಓವರ್‌ಕ್ಲಾಕರ್‌ಗಳ ಹಳೇ ಉಪಾಯ ಒಂದಿದೆ, ಪೆನ್ಸಿಲ್ ಮಾಡ್. ಮದರ್‌ಬೋರ್ಡಿನಲ್ಲಿ ಪ್ರೊಸೆಸರಿಗೆ ವಿದ್ಯುತ್ ಕೊಡುವ ಭಾಗವನ್ನು ನಿಯಂತ್ರಿಸಲು ಒಂದು ಚಿಪ್ ಇರುತ್ತದೆ. ಎಷ್ಟು ಕರೆಂಟ್ ಹರಿದರೆ ಎಷ್ಟು ವೋಲ್ಟೇಜ್ ಇಳಿಸಬೇಕು ಅನ್ನುವುದನ್ನು ಅದರ ಪಕ್ಕದ ಒಂದು ಪುಟ್ಟ ರೆಸಿಸ್ಟರ್ ನಿರ್ಧರಿಸುತ್ತದೆ. ಪೆನ್ಸಿಲಿನ ಸೀಸದಲ್ಲಿರುವ ಗ್ರಾಫೈಟ್ ವಿದ್ಯುತ್ ವಾಹಕ. ಆ ರೆಸಿಸ್ಟರಿನ ಮೈಮೇಲೆ ಈ ತುದಿಯಿಂದ ಆ ತುದಿಗೆ ಪೆನ್ಸಿಲಿನಲ್ಲಿ ಗೀಚಿದರೆ, ಅದಕ್ಕೆ ಸಮಾನಾಂತರವಾಗಿ ಇನ್ನೊಂದು ರೆಸಿಸ್ಟರ್ ಕೂರಿಸಿದ ಹಾಗೆ. ಒಟ್ಟು ರೆಸಿಸ್ಟೆನ್ಸ್ ಕಡಿಮೆಯಾಗುತ್ತದೆ, ಇಳಿಕೆಯೂ ಕಡಿಮೆಯಾಗುತ್ತದೆ. ಬೇಡವಾದರೆ ರಬ್ಬರಿನಲ್ಲಿ ಅಳಿಸಬಹುದು. ಬೆಸುಗೆ ಬೇಡ, ಖರ್ಚಿಲ್ಲ. ತಂಗಿಯ ಡಬ್ಬಿಯಿಂದ ನಟರಾಜ ಪೆನ್ಸಿಲ್ ಕದ್ದು ಗೀಚಿಯೇಬಿಟ್ಟೆ.

ಮ್ಯಾಜಿಕ್! ಲೋಡ್‌ನಲ್ಲೂ 1.37 ವೋಲ್ಟ್. ಪ್ರೈಮ್95 ರಾತ್ರಿಯಿಡೀ ಓಡಿತು. ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಓದಿದ್ದು ಕೊನೆಗೂ ಸಾರ್ಥಕವಾಯ್ತು ಅಂತ ಬೀಗಿದೆ.

ನಾಲ್ಕೈದು ತಿಂಗಳಾದ ಮೇಲೆ ನೀಲಿ ಪರದೆ ಬರತೊಡಗಿತು. ವೋಲ್ಟೇಜ್ ಸ್ವಲ್ಪ ಏರಿಸಿದೆ, ಸರಿಹೋಯ್ತು. ಮತ್ತೆ ಬಂತು, ಮತ್ತೆ ಏರಿಸಿದೆ. ಕೊನೆಗೆ ಮೂಲ ವೇಗಕ್ಕೆ ಇಳಿಸಿದರೂ ಓಡದಂತಾಯ್ತು. ಅವತ್ತು ತಂಗಿಗೆ ಫಿಸಿಕ್ಸ್ ಟೆಸ್ಟ್ ನಡೆಯುತ್ತಿತ್ತು, ಅರ್ಧದಲ್ಲಿ ಪರದೆ ನಿಂತುಹೋಯ್ತು. "ಅಣ್ಣಾ, ಏನ್ ಮಾಡ್ದೆ ನೀನು ಇದಕ್ಕೆ?" ಅಂತ ಅಳುಮುಖ ಮಾಡಿಕೊಂಡು ಅಪ್ಪನ ಮೊಬೈಲಿನಲ್ಲಿ ಉಳಿದದ್ದನ್ನು ಮುಗಿಸಿದಳು. ಅಪ್ಪ ಕೇಳಿದ್ದು ಒಂದೇ ಮಾತು, "ಓಡ್ತಿದ್ದುದನ್ನ ಯಾಕೋ ಕೆದಕಕ್ಕೆ ಹೋದೆ?" ಪೆನ್ಸಿಲ್ ಗೆರೆಯನ್ನು ರಬ್ಬರಿನಲ್ಲಿ ಅಳಿಸಿದೆ. ಗೆರೆ ಹೋಯ್ತು, ಪ್ರೊಸೆಸರ್ ವಾಪಸ್ ಬರಲಿಲ್ಲ.

ಆಮೇಲಷ್ಟೇ ಕೂತು ಓದಿದೆ. ಆ ಇಳಿಕೆಯನ್ನು ಬೇಕೆಂದೇ ಇಟ್ಟಿರುತ್ತಾರೆ. ಇಂಟೆಲ್ ತನ್ನ ಪ್ರೊಸೆಸರುಗಳಿಗೆ ವಿದ್ಯುತ್ ಹೇಗೆ ಕೊಡಬೇಕು ಎಂದು ಬೋರ್ಡ್ ಮಾಡುವವರಿಗೆ ಕೊಡುವ ನಿಯಮಗಳಲ್ಲೇ ಅದು ಇದೆ, ಹೆಸರು ಲೋಡ್‌ಲೈನ್. ಲೆಕ್ಕ ಸುಲಭ, ನಮ್ಮ ಹೈಸ್ಕೂಲಿನ ಓಮ್ ನಿಯಮವೇ. ಲೋಡ್‌ಲೈನ್ 1 ಮಿಲಿಓಮ್ ಇದ್ದರೆ 10 ಆಂಪ್ ಹರಿದಾಗ 10 ಮಿಲಿವೋಲ್ಟ್, 80 ಆಂಪ್ ಹರಿದಾಗ 80 ಮಿಲಿವೋಲ್ಟ್ ಇಳಿಯುತ್ತದೆ.

ಯಾಕೆ ಬೇಕು ಇದು? ನಮ್ಮ ತೋಟದ ಉದಾಹರಣೆ ಕೊಡ್ತೀನಿ. ಬೋರ್‌ವೆಲ್ ಪೈಪಿನಲ್ಲಿ ನೀರು ಜೋರಾಗಿ ಹರಿಯುವಾಗ ಗೇಟ್‌ವಾಲ್ವ್ ದಿಢೀರನೆ ಮುಚ್ಚಿದರೆ ಪೈಪ್ "ದಡ್" ಅಂತ ಒದರುತ್ತದೆ. ಹರಿಯುತ್ತಿದ್ದ ನೀರಿಗೆ ತಕ್ಷಣ ನಿಲ್ಲಲಾಗದು, ಒತ್ತಡ ಒಮ್ಮೆಲೇ ಏರುತ್ತದೆ. ಮದರ್‌ಬೋರ್ಡಿನ ಕಾಯಿಲ್‌ಗಳಲ್ಲಿ ಹರಿಯುವ ಕರೆಂಟಿನದ್ದೂ ಅದೇ ಕಥೆ. ಪ್ರೊಸೆಸರ್ 80 ಆಂಪ್ ಎಳೆಯುತ್ತಿದ್ದದ್ದು ಇದ್ದಕ್ಕಿದ್ದಂತೆ ಕೆಲಸ ಮುಗಿಸಿ 10ಕ್ಕೆ ಇಳಿದರೆ, ಕಾಯಿಲಿನಲ್ಲಿದ್ದ ಶಕ್ತಿ ಕೆಪಾಸಿಟರುಗಳಿಗೆ ನುಗ್ಗಿ ವೋಲ್ಟೇಜ್ ಕ್ಷಣಕಾಲ ಮೇಲೆ ಜಿಗಿಯುತ್ತದೆ. ಲೋಡ್‌ನಲ್ಲಿ ಮೊದಲೇ 1.30ರಲ್ಲಿದ್ದರೆ ಆ ಜಿಗಿತಕ್ಕೆ ಮೇಲೆ ಜಾಗವಿದೆ. 1.37ರಿಂದಲೇ ಜಿಗಿದರೆ? ನಾವು ಬಯಾಸ್‌ನಲ್ಲಿ ಎಂದೂ ಹಾಕದ ವೋಲ್ಟೇಜನ್ನು ಪ್ರೊಸೆಸರ್ ಮತ್ತೆ ಮತ್ತೆ ತಿನ್ನುತ್ತದೆ.

ಇದು ನಮಗೆ ಕಾಣುವುದೂ ಇಲ್ಲ. ಈ ಜಿಗಿತ ಕೆಲವೇ ಮೈಕ್ರೋಸೆಕೆಂಡುಗಳದ್ದು. ಸಿಪಿಯು-ಝಡ್ ಆಗಲಿ, ಮಲ್ಟಿಮೀಟರ್ ಆಗಲಿ ಅದನ್ನು ಹಿಡಿಯಲಾರವು, ಅದಕ್ಕೆ ಆಸಿಲೋಸ್ಕೋಪೇ ಬೇಕು. ಪರದೆಯ ಮೇಲಿನ ಅಂಕಿ ಅಲುಗಾಡದೆ ನಿಂತದ್ದನ್ನು ನೋಡಿ ನಾನು ಖುಷಿಪಟ್ಟಿದ್ದೆ.

ಇನ್ನೊಂದು ಲಾಭವನ್ನೂ ಕಳೆದುಕೊಂಡಿದ್ದೆ. ಪ್ರೊಸೆಸರ್ ನುಂಗುವ ವಿದ್ಯುತ್ ಹೆಚ್ಚುಕಡಿಮೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 1.38ರ ಬದಲು 1.30 ಇದ್ದರೆ ಸುಮಾರು ಶೇಕಡಾ 11 ಉಳಿತಾಯ, ಅದೂ ಅತಿ ಹೆಚ್ಚು ಬಿಸಿಯಾಗುವ ಹೊತ್ತಿನಲ್ಲೇ.

ನನ್ನ ಪ್ರೊಸೆಸರನ್ನು ಕೊಂದದ್ದು ಆ ಒಂದು ಗೆರೆಯೇ ಅಂತ ನ್ಯಾಯಾಲಯದಲ್ಲಿ ಸಾಬೀತು ಮಾಡಲಾರೆ. ಓವರ್‌ಕ್ಲಾಕ್ ಇತ್ತು, ಬೋರ್ಡಿಗೆ ವಯಸ್ಸಾಗಿತ್ತು, ಸಾಲದ್ದಕ್ಕೆ ನಾನು ವೋಲ್ಟೇಜ್ ಏರಿಸುತ್ತಲೇ ಹೋದೆ. ಆದರೆ ಹೆಚ್ಚು ವೋಲ್ಟೇಜಿನ ಸವೆತ ನಿಧಾನ, ಮತ್ತು ಅದನ್ನು ಹಿಂದಕ್ಕೆ ತಿರುಗಿಸಲಾಗದು ಅನ್ನುವುದಂತೂ ಖಂಡಿತ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಕೈಕೊಟ್ಟದ್ದು ನೆನಪಿರಬಹುದು. ಅಲ್ಲಿನ ಕಾರಣಗಳು ಬೇರೆ. ಮೈಕ್ರೋಕೋಡ್ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು, ಕೆಲವು ಬೋರ್ಡುಗಳ ಸೆಟ್ಟಿಂಗುಗಳೂ ಇಂಟೆಲ್ ಹೇಳಿದ ಮಿತಿ ದಾಟಿದ್ದವು. ಹೊಸ ಮೈಕ್ರೋಕೋಡ್ ಕೊಟ್ಟರು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಆದರೆ ಆಗಲೇ ಸವೆದಿದ್ದ ಪ್ರೊಸೆಸರುಗಳನ್ನು ಯಾವ ಅಪ್‌ಡೇಟೂ ಸರಿಮಾಡಲಿಲ್ಲ.

ಹಾಗಂತ ಏನನ್ನೂ ಮುಟ್ಟಲೇಬಾರದು ಅಂತ ನಾನು ಹೇಳ್ತಿಲ್ಲ. 2000ದ ಸುಮಾರಿಗೆ ಎಎಂಡಿ ಡ್ಯುರಾನ್‌ನ ಮೇಲಿನ ಎಲ್1 ಸೇತುವೆಗಳನ್ನು ಪೆನ್ಸಿಲಿನಲ್ಲಿ ಜೋಡಿಸಿ ಮಲ್ಟಿಪ್ಲೈಯರ್ ಬಿಡಿಸಿಕೊಂಡವರಿಂದ ಹಿಡಿದು ಎಷ್ಟೋ ಜನ ಹಾರ್ಡ್‌ವೇರ್ ಕಲಿತದ್ದೇ ಹೀಗೆ ಕೈಯಾಡಿಸಿ. ಕೆಲವು ಬೋರ್ಡುಗಳಲ್ಲಿ ಇಳಿಕೆ ನಿಯಮಕ್ಕಿಂತ ಹೆಚ್ಚೇ ಇರುತ್ತದೆ, ಅಲ್ಲಿ ಸ್ವಲ್ಪ ತಿದ್ದಿದರೆ ತಪ್ಪಿಲ್ಲ. ಈಗಂತೂ ಪೆನ್ಸಿಲ್ ಬೇಕಿಲ್ಲ, ಬಯಾಸ್‌ನಲ್ಲೇ ಲೋಡ್‌ಲೈನ್ ಕ್ಯಾಲಿಬ್ರೇಶನ್ ಇದೆ. ಅದೇ ನನಗೆ ಭಯ. ಪೆನ್ಸಿಲ್ ಹಿಡಿಯುವವನು ಯಾವ ರೆಸಿಸ್ಟರ್ ಎಂದು ಹುಡುಕಲು ಸ್ವಲ್ಪವಾದರೂ ಓದಬೇಕಿತ್ತು. ಈಗ ಒಂದು ಕೀಲಿ ಒತ್ತಿದರೆ ಸಾಕು.

ನನ್ನ ವಾದ ಇಷ್ಟೇ. ಯಾವುದನ್ನಾದರೂ ದೋಷ ಅಂತ ತೀರ್ಮಾನಿಸುವ ಮೊದಲು, ಅದನ್ನು ಅಲ್ಲಿಟ್ಟವರು ಯಾಕೆ ಇಟ್ಟರು ಅಂತ ಕೇಳಬೇಕು. ನಮ್ಮ ಸಾಫ್ಟ್‌ವೇರಿನಲ್ಲೂ ಇದೇ ರೋಗ. ಯಾರೋ ಹಳಬರು ಬರೆದ ಕೋಡಿನಲ್ಲಿ ಎರಡು ಪ್ರಯತ್ನಗಳ ನಡುವೆ ಅರ್ಧ ಸೆಕೆಂಡ್ ಕಾಯುವ ಸಾಲು ಕಂಡಿತೆಂದು ಕಿತ್ತುಹಾಕುತ್ತೇವೆ. ಟೆಸ್ಟ್ ಎಲ್ಲ ಪಾಸ್, ವೇಗವೂ ಹೆಚ್ಚು. ಸರ್ವರ್ ಒಮ್ಮೆ ತಡವರಿಸಿದ ರಾತ್ರಿ, ಎಲ್ಲ ಕಡೆಯಿಂದ ಒಟ್ಟಿಗೇ ಮರುಪ್ರಯತ್ನಗಳು ಬಂದು ಬಿದ್ದಾಗ ಆ ಸಾಲಿನ ಬೆಲೆ ತಿಳಿಯುತ್ತದೆ.

ಹುಡುಗನಿಗೆ ಹೇಳಿದೆ: ಕೊನೇ ಲೆವೆಲ್ ಬೇಡ, ಆಟೋದಲ್ಲೇ ಬಿಡು, ಬಯಾಸ್ ಅಪ್‌ಡೇಟ್ ಮಾಡು, ಗೇಮ್ ಸರಿಯಾಗಿ ಓಡುತ್ತಿದೆಯಲ್ಲ, ಆಡು. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ನಾನೂ ಅವನ ವಯಸ್ಸಿನಲ್ಲಿ ಒಪ್ಪುತ್ತಿರಲಿಲ್ಲ ಬಿಡಿ. ಅಂದಹಾಗೆ, ತಂಗಿಗೆ ಆಮೇಲೆ ನನ್ನ ಸಂಬಳದಲ್ಲಿ ಒಂದು ಲ್ಯಾಪ್‌ಟಾಪ್ ಕೊಡಿಸಿದೆ. ಅದನ್ನು ಬಿಚ್ಚಬಾರದು ಅನ್ನುವುದು ಅವಳ ಮೊದಲ ಷರತ್ತು :-)

ನೀವೇನಂತೀರ? ನಿಮ್ಮಲ್ಲೂ ಯಾರಾದರೂ ಓಡುತ್ತಿದ್ದುದನ್ನು ಹೀಗೆ ಕೆದಕಿ ಕಲಿತವರಿದ್ದರೆ ಬರೆಯಿರಿ.